ಬ್ಯೂನಸ್ ಐರಿಸ್ ಸೋವಿ, ಸ್ಯಾಂಟಿಯಾಗೊ ತುಟ್ಟಿ

ಹೋದ ವಾರ ಜಹೀರಾಬಾದಿನ ಒಬ್ಬ ಶುಂಠಿ ವ್ಯಾಪಾರಿ ತಾಂಡೂರಿನ ನನ್ನ ಅಂಗಡಿಗೆ ಬಂದಿದ್ದ. ನನ್ನದು ತೊಗರಿ ಅಡತಿ. ಆದರೆ ಬರುವವರಲ್ಲಿ ಅರ್ಧ ಜನ ತೊಗರಿಗೆ ಬರುವುದಿಲ್ಲ, ಸಲಹೆಗೆ ಬರುತ್ತಾರೆ. ಬೋರ್‌ವೆಲ್ ಮೋಟರು ಎಲ್ಲಿ ಕೊಳ್ಳಬೇಕು, ಕಾಶಿಗೆ ಯಾವ ದಾರಿ ಹಿಡಿದರೆ ಖರ್ಚು ಕಡಿಮೆ, ಮದುವೆ ಮಂಟಪದವನ ಹತ್ತಿರ ಮಾತು ಎಲ್ಲಿಂದ ಶುರು ಮಾಡಬೇಕು, ಎಲ್ಲದಕ್ಕೂ ನನ್ನ ಹತ್ತಿರ ಒಂದು ಉತ್ತರ ಇರುತ್ತದೆ. ಕೇಳದವರಿಗೂ ಕೊಡುತ್ತೇನೆ.

ಈತ ಕುರ್ಚಿಯ ತುದಿಗೆ ಕೂತು ಕೇಳಿದ: "ಸೇಠ್ರೇ, ಚಿಲಿ ದೇಶಕ್ಕ ಹೋಗಿ ಬಂದಾವ್ರು ಈ ಸುತ್ತಿನಾಗ ನೀವೊಬ್ರೇ ಅಂತ. ನನ್ನ ಮಗಗ ಅಲ್ಲಿ ಹಣ್ಣು ತೊಳಿಯೂ ಮಷೀನ್ ನೋಡಿ ಬರೂದದ. ಸ್ಯಾಂಟಿಯಾಗೊಕ್ಕ ಟಿಕೀಟ ತುಟ್ಟಿ, ಬ್ಯೂನಸ್ ಐರಿಸ್‌ಗೆ ಸೋವಿ ತೋರಸ್ತದ. ಅಲ್ಲಿ ಇಳದು ಬಸ್ಸಿಗೆ ಹ್ವಾದ್ರ ನಡೀತದೇನ್ರಿ?"

ನಾನು ಲೆಕ್ಕದ ಪುಸ್ತಕ ಮುಚ್ಚಿಟ್ಟೆ. ಮೂಟೆ ತೂಗುತ್ತಿದ್ದ ಹಮಾಲ ನಕ್ಕ. "ಸೇಠ್ರು ಸುಮ್ಮನಾದ್ರು! ಇವತ್ತ ಮಳಿ ಗ್ಯಾರಂಟಿ."

"ಅಲ್ಲಿ ನಿಮ್ಮ ಮಗನ ಸಲುವಾಗಿ ಯಾರಾರ ದಾರಿ ಕಾಯಾಕತ್ಯಾರೇನು?" ಎಂದೆ.

"ಯಾರಿಲ್ರಿ. ಮಷೀನ್ ಅಷ್ಟೇ."

"ಹಂಗಾರ ಸೋವಿ ದಾರಿ ಹಿಡೀರಿ. ಮಷೀನ್ ಎಲ್ಲಿಗೂ ಹೋಗೂದಿಲ್ಲ."

ಆತ ಖುಷಿಯಿಂದ ಹೋದ. ನಾನು ಯಾಕೆ ಹಾಗೆ ಕೇಳಿದೆ ಎಂದು ಅವನಿಗೆ ಹೊಳೆಯಲಿಲ್ಲ. ಇಲ್ಲಿ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ.

ನಾನು ವ್ಯಾಪಾರ ಕಲಿತದ್ದು ಹೆದ್ದಾರಿಯಲ್ಲಿ. ಕೊಹೀರಿನ ಪೇರಲ ಹಣ್ಣನ್ನು ಬುಟ್ಟಿಯಲ್ಲಿಟ್ಟುಕೊಂಡು, ನಿಂತ ಬಸ್ಸುಗಳ ಕಿಟಕಿಗೆ ಎತ್ತಿ ಹಿಡಿದು ಮಾರಿದವನು. ಬಸ್ಸು ಗೇರ್ ಹಾಕುವವರೆಗೂ ಗಿರಾಕಿ ಬೆಲೆ ಜಗ್ಗುತ್ತಾನೆ, ಗೇರ್ ಹಾಕಿದ ಮೇಲೆ ಕೇಳಿದ್ದು ಕೊಡುತ್ತಾನೆ. ಆಗ ಎರಡು ಪಾಠ ಕಲಿತೆ. ಒಂದು, ಮೊದಲು ಹೇಳಿದ ಬೆಲೆಗೆ ಎಂದೂ ಕೊಳ್ಳಬೇಡ. ಬೆನ್ನು ತೋರಿಸು, ಅಂಗಡಿಯವನೇ ಕರೆಯುತ್ತಾನೆ. ಇನ್ನೊಂದು, ನೇರ ಬಸ್ಸಿಗೆ ಕಾಯಬೇಡ, ದಾರಿಯನ್ನು ತುಂಡು ಮಾಡು. ನಾರಾಯಣಖೇಡದಿಂದ ತಾಂಡೂರಿಗೆ ಬರಬೇಕೆಂದರೆ ಸಿಕ್ಕಿದ್ದು ಹತ್ತಿ ಜಹೀರಾಬಾದಿನಲ್ಲಿ ಇಳಿ, ಅಲ್ಲಿಂದ ಮತ್ತೆ ಸಿಕ್ಕಿದ್ದು ಹತ್ತು. ನೇರ ಬಸ್ಸಿಗೆ ಕಾದವನು ಅಲ್ಲೇ ಶೇಂಗಾ ತಿನ್ನುತ್ತಿರುತ್ತಾನೆ, ನೀನು ಮನೆಯಲ್ಲಿ ಊಟ ಮುಗಿಸಿರುತ್ತೀ. ಈ ಎರಡು ಪಾಠದ ಮೇಲೇ ನಾನು ಅಂಗಡಿ ಕಟ್ಟಿದ್ದು, ಮನೆ ಕಟ್ಟಿದ್ದು.

ನನಗೊಬ್ಬ ಅಕ್ಕ. ಬುಟ್ಟಿ ಹೊತ್ತ ದಿನಗಳಲ್ಲಿ ನನಗೆ ರೊಟ್ಟಿ-ಪುಂಡಿಪಲ್ಯ ಕಟ್ಟಿ ಕಳಿಸುತ್ತಿದ್ದವಳು ಅವಳು. ನಾರಾಯಣಖೇಡಕ್ಕೆ ಕೊಟ್ಟಿದ್ದೆವು. ಭಾವ ಕಾಳಿನ ವ್ಯಾಪಾರಿ. ಒಬ್ಬಳೇ ಮಗಳು ಇನ್ನೂ ಶಾಲೆಗೆ ಹೋಗುತ್ತಿರುವಾಗಲೇ ತೀರಿಕೊಂಡರು. ಆ ಹುಡುಗಿಗೆ ಸೋದರಮಾವನೂ ನಾನೇ, ತಂದೆಯ ಜಾಗದಲ್ಲೂ ನಾನೇ. ಗಂಡು ಹುಡುಕಿದವನೂ ನಾನು. ಕರಣಕೋಟದ ಕಡೆಯ ಹುಡುಗ. ಸಿಮೆಂಟಿನ ಕಲ್ಲು ಒಡೆಯುವುದನ್ನು ನೋಡುತ್ತ ಬೆಳೆದವನು, ಗಣಿಯ ಓದು ಓದಿ ಚಿಲಿ ದೇಶದ ತಾಮ್ರದ ಗಣಿಗೆ ಸೇರಿದ್ದ. ಗಣಿ ಉತ್ತರದ ಮರುಭೂಮಿಯಲ್ಲಿ, ಮನೆ ಸ್ಯಾಂಟಿಯಾಗೊದಲ್ಲಿ. ಸರದಿ ಬಂದಾಗ ವಾರಗಟ್ಟಲೆ ಗಣಿಯಲ್ಲೇ ಇರಬೇಕು. ಅಷ್ಟು ದಿನ ಸೊಸೆ ಒಬ್ಬಳೇ. ಸೋದರ ಸೊಸೆಯನ್ನು ನಾವು ಸೊಸೆ ಅಂತಲೇ ಅನ್ನುತ್ತೇವೆ.

ಅವಳು ಬಸುರಿಯಾದಳು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನದು. ಆದರೆ ಮೊದಲ ತಿಂಗಳಲ್ಲೇ ಡಾಕ್ಟರು ವಿಮಾನ ಬೇಡ ಎಂದಿದ್ದರಿಂದ ಮಗಳು ತವರಿಗೆ ಬರುವಂತಿರಲಿಲ್ಲ. "ಹಂಗಾರ ತವರೇ ಆಕೀ ಕಡೀ ಹೋಗ್ತದ" ಎಂದಳು ಅಕ್ಕ. ಹೆರಿಗೆಯ ಹೊತ್ತಿಗೆ ಮಗಳ ಬೆನ್ನಿಗೆ ಕೂಡಬೇಕು, ಮಗುವಿಗೆ ಮೊದಲ ನೀರು ತನ್ನ ಕಾಲ ಮೇಲೆ ಮಲಗಿಸಿ ಎರೆಯಬೇಕು. ಅವಳಿಗೆ ಬೇಕಾದದ್ದು ಇಷ್ಟೇ. ವಿಮಾನ ಹತ್ತಿದವಳಲ್ಲ, ಹೈದರಾಬಾದಿನ ಆಚೆ ಶ್ರೀಶೈಲ ಬಿಟ್ಟರೆ ಬೇರೆ ಊರು ನೋಡಿದವಳಲ್ಲ. ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು.

ಸೊಸೆ ಫೋನಿನಲ್ಲಿ ಹೇಳಿದಳು: "ಮಾಮಾ, ನೇರ ಸ್ಯಾಂಟಿಯಾಗೊಕ್ಕೇ ಬರ್ರಿ. ಇಲ್ಲಿ ಥಂಡಿ ಭಾಳ ಅದ, ಅವ್ವಗ ತ್ರಾಸ ಆಗ್ತದ."

"ಬೀದರಿನ ಥಂಡಿ ನೋಡಿದಾಕೀ ಅದಾಳ ನಿಮ್ಮವ್ವ. ಟಿಕೀಟ ನನಗ ಬಿಡು" ಎಂದೆ.

ಆಮೇಲೆ ನಾನು ಎರಡು ಊರುಗಳನ್ನು ತಕ್ಕಡಿಗೆ ಹಾಕಿದೆ. ಈ ಲೆಕ್ಕ ಮಾತ್ರ ಈಗಲೂ ತಪ್ಪಿಲ್ಲ, ಬೇಕಾದವರು ಕೇಳಿರಿ. ನಾನು ನೋಡಿದ ದಿನಗಳಲ್ಲಿ ಬ್ಯೂನಸ್ ಐರಿಸ್‌ಗೆ ವಿಮಾನ ಸೋವಿ, ಸ್ಯಾಂಟಿಯಾಗೊಕ್ಕೆ ತುಟ್ಟಿ. ಲಾಡ್ಜಿನ ಕೋಣೆ ಬ್ಯೂನಸ್ ಐರಿಸ್‌ನಲ್ಲಿ ಸೋವಿ. ಊಟವೂ ಸೋವಿ, ಅಲ್ಲಿ ರೂಪಾಯಿಯ ಹಾಗೆ ಓಡುವ ಪೆಸೊ ದಿನದಿನಕ್ಕೆ ಕರಗುತ್ತಿತ್ತು, ಹೋಟೆಲಿನವರು ಬೆಲೆ ಪಟ್ಟಿಯ ಮೇಲೆ ಚೀಟಿ ಅಂಟಿಸಿ ಅಂಟಿಸಿ ಅದು ದಪ್ಪಗಾಗಿತ್ತು. ಸ್ಯಾಂಟಿಯಾಗೊದಲ್ಲಿ ಪ್ರತಿಯೊಂದಕ್ಕೂ ಒಂದು ಹಿಡಿ ಹೆಚ್ಚು. ಸಿಟಿ ಬಸ್ಸಿಗೆ ಎರಡೂ ಊರಲ್ಲಿ ಕಾರ್ಡು ಬೇಕು, ಕೈಯಲ್ಲಿ ಚಿಲ್ಲರೆ ಹಿಡಿದು ನಿಂತರೆ ಡ್ರೈವರು ತಲೆ ಅಲ್ಲಾಡಿಸುತ್ತಾನೆ. ಬ್ಯೂನಸ್ ಐರಿಸ್‌ನಿಂದ ಬೆಟ್ಟದ ಬುಡದ ಮೆಂಡೋಸ ಊರಿಗೆ ಬಸ್ಸು, ಅಲ್ಲಿಂದ ಘಾಟು ಹತ್ತಿ ಇಳಿದರೆ ಸ್ಯಾಂಟಿಯಾಗೊ. ಎರಡು ದೇಶದ ವೀಸಾ ಖರ್ಚು ಹಿಡಿದರೂ ಇಬ್ಬರಿಂದ ಸುಮಾರು ನಾಲ್ಕು ಕ್ವಿಂಟಲ್ ತೊಗರಿಯ ದುಡ್ಡು ಉಳಿಯುತ್ತಿತ್ತು. ನಾರಾಯಣಖೇಡದಿಂದ ಹೊರಟು ಜಹೀರಾಬಾದಿನಲ್ಲಿ ಬಸ್ಸು ಬದಲಿಸಿದ ಹಾಗೆ, ಅಷ್ಟೇ.

ಅದರ ಮೇಲೆ ನಾನು ಟಿಕೀಟಿಗೂ ಬೆನ್ನು ತೋರಿಸಿದೆ. ಇವತ್ತಿನ ಬೆಲೆಗೆ ಬೇಡ, ನಾಳೆ ಇಳಿಯುತ್ತದೆ. ಕೆಲವು ದಿನ ಏರಿತು, ಕೊನೆಗೆ ಇಳಿಯಿತು, ಆಗ ಕೊಂಡೆ. ಹೆರಿಗೆಗೆ ಎರಡು ವಾರ ಮೊದಲು ಮುಟ್ಟಬೇಕೆಂದಿದ್ದಳು ಅಕ್ಕ. ಕಾದು ಕಾದು ಅದು ಒಂದು ವಾರಕ್ಕೆ ಬಂತು. "ಒಂದು ವಾರ ಸಾಕು" ಎಂದೆ. ಅವಳು ಬಾಣಂತಿಗೆಂದು ಅಂಟಿನ ಉಂಡೆ ಕಟ್ಟಿದಳು, ಅಳವಿ ಬೀಜ, ಒಣಕೊಬ್ಬರಿ, ಕುಸುಬಿ ಎಣ್ಣೆ, ಹಳೆ ಮೆತ್ತನೆ ಧೋತರದ ತುಂಡುಗಳು, ಎಲ್ಲ ಒಂದು ಪೆಟ್ಟಿಗೆಗೆ ತುಂಬಿದಳು. ಊರಿನಲ್ಲಿ ಮೃಗಶಿರ ಮಳೆ ಬಿದ್ದಿತ್ತು, ತೊಗರಿ ಬಿತ್ತನೆ ನಡೆದಿತ್ತು. ಹಸಿ ಮಣ್ಣಿನ ವಾಸನೆಯಲ್ಲಿ ನಾವು ಹೊರಟೆವು.

ನಮ್ಮ ಮುಂಗಾರು ಅವರ ನಡುಚಳಿಗಾಲ. ಭೂಮಿಯ ಆ ಕೆಳಗಿನ ಮಗ್ಗುಲಲ್ಲಿ ಕಾಲ ತಿರುಗುಮುರುಗು. ಇದು ಶಾಲೆಯ ಮಕ್ಕಳಿಗೂ ಗೊತ್ತಿರುವ ಮಾತು, ಸೊಸೆಯೂ ಥಂಡಿ ಎಂದು ಹೇಳಿದ್ದಳು. ಆದರೆ ನನ್ನ ತಲೆಯಲ್ಲಿ ಆ ತಿಂಗಳೆಂದರೆ ಬಿತ್ತನೆ. ಘಾಟಿನ ಮೇಲೆ ಹಿಮ ಬೀಳುತ್ತದೆ, ಬಿದ್ದರೆ ದಾರಿ ಮುಚ್ಚುತ್ತದೆ ಎಂಬುದು ನನ್ನ ತಕ್ಕಡಿಯ ಯಾವ ತಟ್ಟೆಯಲ್ಲೂ ಇರಲಿಲ್ಲ.

ಮೆಂಡೋಸದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಸ್ಯಾಂಟಿಯಾಗೊ ಟಿಕೀಟಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಲಾರಿಗಳ ಸಾಲು ಊರಾಚೆಗೂ ನಿಂತಿತ್ತು. ನಾನು ಫೋನನ್ನು ಬೇರೆ ಊರಿನ ಟಿಕೀಟು ಕೊಡುತ್ತಿದ್ದ ಹೆಂಗಸಿನ ಬಾಯಿಗೆ ಹಿಡಿದೆ. ಅವಳು ಹೇಳಿದ್ದನ್ನು ಅದು ಇಂಗ್ಲಿಷಿಗೆ ತಿರುಗಿಸಿತು: ಘಾಟು ಬಂದ್, ಯಾವಾಗ ತೆರೆಯುತ್ತದೋ ಗೊತ್ತಿಲ್ಲ. ಅಕ್ಕ ಇಳಕಲ್ ಸೀರೆಯ ಮೇಲೆ ನನ್ನ ಸ್ವೆಟರು ಹಾಕಿಕೊಂಡು, ಕಾಲುಚೀಲದ ಮೇಲೆ ಚಪ್ಪಲಿ ಮೆಟ್ಟಿ ನಿಂತಿದ್ದಳು. ಪಡುವಣಕ್ಕೆ ಬೆಳ್ಳಗಿನ ಬೆಟ್ಟ. "ತಮ್ಮಾ, ಅದರ ಆಚೀ ಬದಿಗೇ ಏನು ನಮ್ಮ ಹುಡುಗಿ?" ಎಂದು ಕೇಳಿದಳು.

"ಹ್ಞೂಂ. ಆಚೀ ಬದಿಗೇ."

"ಹಂಗಾರ ಮುಟ್ಟಿದಂಗೇ ಆತು."

ಒಬ್ಬ ಮುದುಕಿ ನಡೆಸುವ ಸಣ್ಣ ಲಾಡ್ಜಿನಲ್ಲಿ ಇಳಿದೆವು. ಅಲ್ಲೂ ಚೌಕಾಸಿ ಮಾಡಿ ಬಿಸಿನೀರು ಸೇರಿಸಿ ಬೆಲೆ ಇಳಿಸಿದೆ. ಅಕ್ಕ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಹಾಸಿಗೆಯ ಅಂಚಿಗೆ ಕೂತು ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಿದ್ದಳು. ಬಿಲ್ವಪತ್ರೆ ಇಲ್ಲ, ಮುದುಕಿಯ ಕುಂಡದಿಂದ ಯಾವುದೋ ಎಲೆ. ಬ್ರೆಡ್ಡು, ಹಾಲು, ಟೊಮೆಟೊ ತಿಂದು ದಿನ ಕಳೆದೆವು.

ಮೆಂಡೋಸದಿಂದ ಸ್ಯಾಂಟಿಯಾಗೊಕ್ಕೆ ವಿಮಾನ ಇತ್ತು. ಇದನ್ನು ಬಿಚ್ಚಿ ಹೇಳುತ್ತೇನೆ: ಮೊದಲ ದಿನವೇ ಇತ್ತು. ಆದರೆ ಘಾಟು ಮುಚ್ಚಿದ್ದರಿಂದ ಎಲ್ಲರೂ ಅದಕ್ಕೇ ಮುಗಿಬಿದ್ದು ಬೆಲೆ ಹುಚ್ಚು ಹಿಡಿದಿತ್ತು. ನಾನು ಉಳಿಸಿದ್ದ ನಾಲ್ಕು ಕ್ವಿಂಟಲ್ ಅದರಲ್ಲೇ ಹೋಗುತ್ತಿತ್ತು.

"ಕೊಟ್ಟು ಬಿಡೋ" ಎಂದಳು ಅಕ್ಕ. ಬಳೆ ಸಡಿಲ ಮಾಡತೊಡಗಿದಳು. "ಇದು ಇಲ್ಲಿ ನಡೀತದಂದ್ರ ಇದನ್ನೇ ಕೊಡು."

"ಬಳಿ ಒಳಗಿಡು. ರೊಕ್ಕ ಇಲ್ಲಂತೇನು ನನ್ನ ಹಂತ್ಯಾಕ? ಲೂಟಿಗೆ ಕುಂತಾರ ಅವ್ರು. ಒಂದೆರಡು ದಿನ ಬೆನ್ನು ತೋರ್ಸಿದ್ರ ತಾವೇ ಇಳೀತಾರ. ಇನ್ನೂ ವಾರ ಅದಲ್ಲ ಹೆರಿಗಿಗೆ?"

"ಹೆರಿಗಿ ಕ್ಯಾಲೆಂಡರ್ ನೋಡಿ ಬರೂದಿಲ್ಲೋ, ತಮ್ಮಾ."

"ನೀ ಸುಮ್ಮ ಕೂಡು, ನನ್ನ ಮ್ಯಾಲೆ ಬಿಡು."

ಬಿಟ್ಟಳು. ಅವಳು ಯಾವಾಗಲೂ ನನ್ನ ಮೇಲೆ ಬಿಟ್ಟವಳೇ. ಮಗಳ ಮದುವೆಯಲ್ಲಿ ಮಂಟಪದ ಬಾಡಿಗೆಯಿಂದ ಹಿಡಿದು ಬಾಳೆ ಎಲೆಯವರೆಗೆ ನಾನು ಉಳಿಸಿಕೊಟ್ಟಿದ್ದನ್ನು ಬೀಗರ ಮುಂದೆ ಹೇಳಿ ಹಿಗ್ಗಿದವಳು.

ದಿನಾ ಬೆಳಿಗ್ಗೆ ವಿಮಾನ ಟಿಕೀಟಿನ ಆಫೀಸಿಗೆ ಹೋಗಿ ಬೆಲೆ ಕೇಳಿ, ತಲೆ ಅಲ್ಲಾಡಿಸಿ, ಬಾಗಿಲವರೆಗೆ ನಿಧಾನ ನಡೆದು ಬರುತ್ತಿದ್ದೆ. ಯಾರೂ ಹಿಂದಿನಿಂದ ಕರೆಯಲಿಲ್ಲ. ಆದರೆ ಮೂರನೆಯ ದಿನ, ಘಾಟು ತೆರೆಯಬಹುದು ಎಂಬ ಸುದ್ದಿ ಹಬ್ಬಿತು ನೋಡಿ, ಬೆಲೆ ದಡಕ್ಕನೆ ಇಳಿಯಿತು. ನಾನು ಅಂದುಕೊಂಡ ಹಾಗೇ. ಮರುದಿನದ ಎರಡು ಟಿಕೀಟು ಕೊಂಡೆ. ಗೆದ್ದ ಕುಸ್ತಿಪಟುವಿನ ಹಾಗೆ ನಡೆದು ಬಂದೆ. ದಾರಿಯಲ್ಲಿ ಅಕ್ಕನಿಗೆಂದು ಕಿತ್ತಳೆ ಹಣ್ಣು ಕೊಂಡೆ, ಅದನ್ನೂ ಇಳಿಸಿ.

ಲಾಡ್ಜಿನ ಮೆಟ್ಟಿಲು ಹತ್ತುತ್ತಲೇ ಕೂಗಿದೆ: "ಅಕ್ಕಾ, ಇಳಿಸಿದೆ ನೋಡು!"

ಅಕ್ಕ ಓಣಿಯಂಥ ಪಡಸಾಲೆಯಲ್ಲಿ, ಸಿಗ್ನಲ್ ಸಿಗುವ ಕಿಟಕಿಯ ಹತ್ತಿರ, ನೆಲದ ಮೇಲೆ ಕೂತಿದ್ದಳು. ಲಾಡ್ಜಿನ ಮುದುಕಿ ಪಕ್ಕದಲ್ಲಿ ಮೊಣಕಾಲೂರಿ ಅಕ್ಕನ ಭುಜ ಹಿಡಿದಿದ್ದಳು. ಅಕ್ಕನ ಎರಡೂ ಕೈಯಲ್ಲಿ ಫೋನು. ಫೋನಿನಲ್ಲಿ ಆಸ್ಪತ್ರೆಯ ಹಾಸಿಗೆ, ಮಗ್ಗುಲಾಗಿ ಮಲಗಿದ ನಮ್ಮ ಹುಡುಗಿಯ ಬೆನ್ನು. ಆ ಬೆನ್ನಿನ ಮೇಲೆ ಯಾರದೋ ಕೈ. ದಪ್ಪ ಬೆರಳು, ಬೆಳ್ಳಿ ಉಂಗುರ. ಗಂಡ ಗಣಿಯಲ್ಲಿದ್ದ, ಹೊರಟಿದ್ದ, ಮುಟ್ಟಿರಲಿಲ್ಲ. ನೋವು ಡಾಕ್ಟರು ಹೇಳಿದ್ದ ದಿನಕ್ಕಿಂತ ಮೊದಲೇ ಶುರುವಾಗಿ, ಪಕ್ಕದ ಮನೆಯ ಹೆಂಗಸು ಕರೆದುಕೊಂಡು ಹೋಗಿದ್ದಳು. ಜೊತೆಗೆ ಒಬ್ಬರೇ ಇರಬಹುದಂತೆ, ಅವಳೇ ಇದ್ದಳು.

"ಕೆಳಗ, ಇನ್ನೂ ಕೆಳಗ," ಅಕ್ಕ ಫೋನಿಗೆ ಹೇಳುತ್ತಿದ್ದಳು. "ನಡದ ಹಂತ್ಯಾಕ ಒತ್ತವ್ವಾ. ಅಂಗೈಲೆ ಒತ್ತು. ಹಾಂ, ಅಲ್ಲೇ. ಅಲ್ಲೇ ನನ್ನವ್ವಾ."

ಆ ಹೆಂಗಸಿಗೆ ಕನ್ನಡ ಎಲ್ಲಿಂದ ಬರಬೇಕು? ಆದರೂ ಕೈ ಕೆಳಗೆ ಸರಿಯಿತು, ಅಂಗೈಯಿಂದ ಒತ್ತಿತು. ಹುಡುಗಿ "ಅವ್ವಾ" ಎಂದಳು. ಆ ಹೆಂಗಸು ತನ್ನ ಭಾಷೆಯಲ್ಲಿ ಓ ಎಂದಳು. ಅಕ್ಕ ಕನ್ನಡದಲ್ಲಿ ಓ ಎಂದಳು. ಹುಡುಗಿ ತಿರುಗಿದ್ದು ಹತ್ತಿರದ ದನಿಯ ಕಡೆಗೆ.

ನಾನು ಕಿತ್ತಳೆಯ ಚೀಲ ಹಿಡಿದು ಮೆಟ್ಟಿಲ ತುದಿಯಲ್ಲಿ ನಿಂತಿದ್ದೆ. ಫೋನು ನಡುವೆ ಕಡಿದು ಹೋಯಿತು. ಅಕ್ಕ ಅದನ್ನು ಹಿಡಿದೇ ಕೂತಳು. ಬಹಳ ಹೊತ್ತಿನ ಮೇಲೆ ಮತ್ತೆ ಬೆಳಗಿದಾಗ ಅದರಲ್ಲಿ ಕೆಂಪಗಿನ ಒಂದು ಮುಖ ಇತ್ತು, ಬಿಳಿ ಟೊಪ್ಪಿಗೆ ಹಾಕಿಕೊಂಡು. ಹೆಣ್ಣು. ಅಕ್ಕ ಸೆರಗಿನಿಂದ ಫೋನಿನ ಗಾಜು ಒರೆಸಿದಳು, ಮತ್ತೆ ಒರೆಸಿದಳು.

ಮರುದಿನ ವಿಮಾನ ಹತ್ತಿದೆವು. ಚಹಾ ಕೊಟ್ಟರು, ನಾನು ಕಪ್ಪು ಕೆಳಗಿಡುವಷ್ಟರಲ್ಲಿ ಬೆಲ್ಟು ಕಟ್ಟಿಕೊಳ್ಳಿ ಎಂದರು. ಬೆಟ್ಟ ಕಿಟಕಿಯ ಕೆಳಗೆ ಬಂದು ಹೋಗಿಯೇ ಬಿಟ್ಟಿತ್ತು. ಅಕ್ಕ ಗಾಜಿಗೆ ಹಣೆ ಹಚ್ಚಿ ನೋಡುತ್ತಿದ್ದವಳು ತಿರುಗಿ ಕೇಳಿದಳು:

"ಇಷ್ಟೇ ಏನೋ ತಮ್ಮಾ?"

ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದಳು. ನಾನು ಬೆಲ್ಟು ಕಟ್ಟಿಕೊಂಡೆ.

ಸ್ಯಾಂಟಿಯಾಗೊದಲ್ಲಿ ಇಳಿದ ಕೂಡಲೆ ಪೆಟ್ಟಿಗೆ ತೆಗೆಸಿ ಅಳವಿ ಬೀಜ, ಕೊಬ್ಬರಿ, ಉಂಡೆ ಎಲ್ಲ ತೆಗೆದುಕೊಂಡರು. ಬೀಜ ಒಳಗೆ ಬಿಡುವುದಿಲ್ಲ ಅವರು; ಹೋಗುವವರು ನೆನಪಿಡಿ, ಚೌಕಾಸಿ ನಡೆಯುವುದಿಲ್ಲ. ಎಣ್ಣೆ ಮತ್ತು ಧೋತರ ಉಳಿದವು. ಆಸ್ಪತ್ರೆಗೆ ಹೋದಾಗ ಮಗುವಿನ ಮೈ ತೊಳೆದಾಗಿತ್ತು. ನರ್ಸು ಹೇಳಿಕೊಟ್ಟಳಂತೆ, ಪಕ್ಕದ ಮನೆಯಾಕೆ ತೊಳೆದಳಂತೆ. ಆಕೆ ಮಗುವನ್ನು ಎತ್ತಿ ಅಕ್ಕನ ಕೈಗೆ ಕೊಟ್ಟಳು. ಅಕ್ಕ ಮಗುವನ್ನು ತೆಗೆದುಕೊಳ್ಳುವ ಮೊದಲು ಬಗ್ಗಿ ಆಕೆಯ ಕಾಲು ಮುಟ್ಟಿದಳು. ಆಕೆ ಹೌಹಾರಿದಳು. ಮಗಳಿಗೆ ಬಾಣಂತನದ ಉಡುಗೊರೆ ಎಂದು ತಂದಿದ್ದ ಸೀರೆಯನ್ನು ಅಕ್ಕ ಆಕೆಗೆ ಕೊಟ್ಟಳು. ಮಗಳೂ "ಕೊಡವ್ವಾ" ಎಂದಳು.

ಎರಡು ತಿಂಗಳು ದಿನಾ ಎಣ್ಣೆ ಹಚ್ಚಿ ನೀರೆರೆದಳು ಅಕ್ಕ. ಮಗು ಗುಂಡಗಾಯಿತು. ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ನಾರಾಯಣಖೇಡಕ್ಕೆ ಮರಳಿದ ಮೇಲೆ ನೆರೆಯವರು ಖರ್ಚು ಕೇಳಿದರೆ ಅಕ್ಕ ಹೇಳುತ್ತಿದ್ದಳು: "ನನ್ನ ತಮ್ಮ ಭಾಳ ಸೋವಿಯಾಗ ಕರಕೊಂಡು ಹೋಗ್ಯಾನ್ರಿ." ಅದರಲ್ಲಿ ಕೊಂಕಿರಲಿಲ್ಲ. ಹೊಗಳಿಕೆಯೇ ಇತ್ತು. ನಾನು ಎದುರಿಗಿದ್ದರೆ ಎದ್ದು ಹೊರಗೆ ಹೋಗುತ್ತಿದ್ದೆ.

ಈ ವರ್ಷ ಸೊಸೆ ಮತ್ತೆ ಬಸುರಿ. ಸುದ್ದಿ ಬಂದ ದಿನವೇ ಹೈದರಾಬಾದಿನ ಏಜೆಂಟಿಗೆ ಫೋನು ಮಾಡಿದೆ. ನೇರ ಸ್ಯಾಂಟಿಯಾಗೊ, ಹೆರಿಗೆಗೆ ಒಂದು ತಿಂಗಳು ಮೊದಲು, ಇಬ್ಬರಿಗೆ. ಅವನು ಹೇಳಿದ ಬೆಲೆಗೆ ಹೂಂ ಎಂದೆ. "ಸೇಠ್ರೇ, ಮೈಯಾಗ ಆರಾಮದಿರಿ ಇಲ್ಲೋ?" ಎಂದು ಕೇಳಿದ. ನಾರಾಯಣಖೇಡದಲ್ಲಿ ಅಕ್ಕ ಧೋತರ ಒಗೆದು ಒಣಹಾಕಿದಳು. ಬೀಜ, ಕೊಬ್ಬರಿ ಈ ಸಲ ಕಟ್ಟಲಿಲ್ಲ.

ಆಮೇಲೆ ಸೊಸೆಯ ಫೋನು ಬಂತು. ಅಕ್ಕನ ಮನೆಯಲ್ಲೇ ಇದ್ದೆ ನಾನು, ಫೋನು ಸ್ಪೀಕರಿಗೆ ಹಾಕಿದ್ದೆ.

"ಮಾಮಾ, ಅವ್ವನ್ನ ಕರಕೊಂಡು ಬರಬ್ಯಾಡ್ರಿ. ಇಲ್ಲಿ ಪಕ್ಕದ ಮನೀ ಅಮ್ಮ ಅದಾಳ, ದೊಡ್ಡ ಮಗಳನ್ನೂ ಅಕೀನೇ ನೋಡಕೋತಾಳ. ನನಗೂ ಅಕೀ ಕೈ ರೂಢಿ ಆಗ್ಯದ. ಅಷ್ಟ್ ದೂರ, ಅಷ್ಟ್ ತುಟ್ಟಿ. ಯಾಕ ಸುಮ್ಮ ಖರ್ಚ ಹೇಳ್ರಿ?"

ನನ್ನದೇ ಮಾತು. ಅವಳಿಗೆ ರಿಬ್ಬನ್ನು ಕೊಡಿಸುವಾಗಿನಿಂದ ನಾನು ಹೇಳಿಕೊಟ್ಟ ಮಾತು.

ಅಕ್ಕ ಒಲೆಯ ಮುಂದಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ರೊಟ್ಟಿ ತಟ್ಟುತ್ತಿದ್ದ ಕೈಯ ಹಿಟ್ಟು ಕೊಡವದೆ ಹತ್ತಿರ ಬಂದು, ಫೋನಿಗೆ ಕೇಳದ ಹಾಗೆ ಸಣ್ಣ ದನಿಯಲ್ಲಿ ಅಂದಳು: "ನೀ ಎಲ್ಲಾರ ಜೋಡಿ ಚೌಕಾಸಿ ಮಾಡ್ತಿ. ಈಕೀ ಜೋಡಿ ಒಂದೀಟ ಮಾಡೋ, ತಮ್ಮಾ."

ನಾನು ಮಾಡಿದೆ. ಒಂದು ತಿಂಗಳು ಬೇಡವಾದರೆ ಹದಿನೈದು ದಿನ ಎಂದೆ. ಬೇಡ ಮಾಮಾ ಎಂದಳು. ಹೆರಿಗೆಗೆ ಬೇಡ, ಬಾಣಂತನಕ್ಕೆ ಬರುತ್ತಾಳೆ ಎಂದೆ. ಅಕೀ ಅದಾಳಲ್ರಿ ಮಾಮಾ ಎಂದಳು. ಖರ್ಚು ಪೂರಾ ನನ್ನದು ಎಂದೆ.

"ಖರ್ಚಿಂದಲ್ರಿ ಮಾಮಾ," ಎಂದಳು ಅವಳು, ಬಹಳ ಮೆತ್ತಗೆ. "ಹ್ವಾದ ಸಲ ನಾ ಅವ್ವನ ದಾರಿ ಭಾಳ ಕಾದೆ. ಈ ಸಲ ಕಾಯೂದು ಬ್ಯಾಡ ಅನಿಸ್ಯದ."

ಅದಕ್ಕಿಂತ ಕೆಳಗೆ ಇಳಿಯಲು ನನ್ನ ಹತ್ತಿರ ಬೆಲೆ ಇರಲಿಲ್ಲ. ಸ್ಪೀಕರು ಆರಿಸಿ ಫೋನು ಅಕ್ಕನ ಕೈಗೆ ಕೊಟ್ಟೆ. ಅವಳು ಹಿಟ್ಟಿನ ಕೈಯಲ್ಲೇ ಹಿಡಿದು, "ಆರಾಮದಿ ಏನವ್ವಾ? ನಡ ನೋಯ್ತದೇನು?" ಎಂದು ಕೇಳಿದಳು. ಆಚೆಯಿಂದ ಏನು ಬಂತೋ. "ಹಾಂ, ಹಂಗಾರ ಆಕೀಗಿ ಹೇಳು, ನಡದ ಹಂತ್ಯಾಕ, ಅಂಗೈಲೆ," ಎಂದಳು. "ಆಕೀಗಿ ಗೊತ್ತದ ಬಿಡು."